ಕೂಸಿಗೆ ಮೊದಲ ಸ್ಕೀ



ಹುಲಕೋಟಿಯ ಎರೆಹೊಲಗಳ ನಡುವೆ ಹುಟ್ಟಿ ಬೆಳೆದು, ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು ಹಿಮದ ಮೇಲೆ ಜಾರುವ ಹಲಗೆಗಳ ವಿಷಯ ಮಾತನಾಡಲು ಹೊರಟರೆ ತಮಗೆ ನಗು ಬರಬಹುದು. ನಮ್ಮ ಸೀಮೆಯಲ್ಲಿ ಮುಂಗಾರಿಗೆ ಮುನ್ನ ಎಂದಾದರೊಮ್ಮೆ ಆಲಿಕಲ್ಲು ಬಿದ್ದರೆ ಅದೇ ನಾವು ಕಂಡ ಹಿಮ. ಜಾರಿದ ಅನುಭವವೆಂದರೆ, ಬಾಲ್ಯದಲ್ಲಿ ಮೇವಿನ ಬಣವೆಯ ನೆತ್ತಿಯಿಂದ ಜಾರಿ ಇಳಿದು, ಮೈಯೆಲ್ಲ ತುರಿಸಿಕೊಂಡು, ತಂದೆಯವರಿಂದ ಪೆಟ್ಟು ತಿಂದದ್ದು ಮಾತ್ರ. ಆದರೆ ಈಗ ನಮ್ಮ ಮಕ್ಕಳು ಉದ್ಯೋಗವನ್ನರಸಿ ಭೂಮಿಯ ಯಾವ ಯಾವ ಮೂಲೆಗೋ ಹೋಗಿ ನೆಲೆಸಿದ್ದಾರೆ. ಅವರ ಮಕ್ಕಳು ನಾವು ಕಾಣದ ನೆಲದ ಮೇಲೆ ನಡೆಯಲು ಕಲಿಯುತ್ತಿದ್ದಾರೆ. ಆ ಮೊಮ್ಮಕ್ಕಳಿಗೆ ಏನು ಬೇಕು, ಏನು ಬೇಡ ಎಂಬುದನ್ನು ಅರಿಯಬೇಕಾದ ಪ್ರಸಂಗ ನನ್ನಂಥ ಅನೇಕ ಅಜ್ಜಂದಿರಿಗೆ ಬಂದಿದೆ. ಅಂಥದೊಂದು ಪ್ರಸಂಗದಲ್ಲಿ ನಾನು ಮಾಡಿದ ತಪ್ಪನ್ನೂ ಅದರಿಂದ ಕಲಿತುದನ್ನೂ ಇಂದು ತಮ್ಮ ಮುಂದೆ ಇಡುತ್ತೇನೆ.

ನನ್ನ ಮಗಳೂ ಅಳಿಯಂದಿರೂ ನಾರ್ವೆ ದೇಶದ ರಾಜಧಾನಿಯಾದ ಓಸ್ಲೋದಲ್ಲಿದ್ದಾರೆ. ಒಂದು ಚಳಿಗಾಲದಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋದೆವು. ಪ್ರವಾಸಿಗಳಾಗಿ ಹೋದವರಿಗೆ ಅಲ್ಲಿ ಇರಲು ದೊರೆಯುವ ಅವಧಿ ಹೆಚ್ಚೆಂದರೆ 90 ದಿನ. ಮೊಮ್ಮಗನಿಗೆ ಆಗ ಎರಡೂವರೆ ವರ್ಷ. ಮನೆಯಲ್ಲಿ ಅವನದು ಗದಗ ಸೀಮೆಯ ಕನ್ನಡ. ಶಿಶುವಿಹಾರದಲ್ಲಿ ನಾರ್ವೆಯ ಭಾಷೆ. ಒಂದು ಮುಂಜಾನೆ ಅವನನ್ನು ಹೊರಗೆ ಕರೆದುಕೊಂಡು ಹೋದಾಗ, ನೆರೆಮನೆಯ ಬಾಗಿಲ ಕಡೆಗೆ ಬೆರಳು ಚಾಚಿ, "ಶೀ! ಅಜ್ಜಾ, ಶೀ!" ಎಂದು ಕೂಗತೊಡಗಿದ. ಏನೋ ಹೇಸಿಗೆಯನ್ನು ಕಂಡಿರಬೇಕೆಂದು ನಾನು ಅವನ ಕೈಹಿಡಿದು ಈಚೆಗೆ ಎಳೆದುಕೊಂಡೆ. ಅವನು ಅಳತೊಡಗಿದ. ಮನೆಗೆ ಬಂದ ಮೇಲೆ ಮಗಳು ನಕ್ಕಳು. "ಅಪ್ಪಾ, ಅದು ಹೇಸಿಗಿ ಅಲ್ಲರೀ. ಸ್ಕೀ ಅನ್ನೋದಕ್ಕ ಇಲ್ಲಿ ಮಂದಿ ಶೀ ಅಂತಾರ. ಆ ಮನಿ ಹುಡುಗನ ಹಂತೇಕ ಅದಾವ, ಅದಕ್ಕ ಇವಗೂ ಬೇಕಂತ" ಎಂದಳು.

ಭಾಷೆಯ ಮೇಷ್ಟರಿಗೆ ಇಷ್ಟು ಸಿಕ್ಕರೆ ಸಾಕು. ಸ್ಕೀ ಎಂಬುದು ಉತ್ತರ ಯುರೋಪಿನ ಹಳೆಯ ನುಡಿಯ ಶಬ್ದ; ಸೀಳಿದ ಕಟ್ಟಿಗೆ ಎಂಬುದು ಅದರ ಮೂಲಾರ್ಥ. ಸಂಸ್ಕೃತದ 'ಛಿದ್' ಧಾತುವೂ ಅದೂ ಒಂದೇ ಆದಿಮೂಲದಿಂದ ಬಂದವೆಂದು ಭಾಷಾಶಾಸ್ತ್ರ ಹೇಳುತ್ತದೆ. ನಾವು ದಿನವೂ ಆಡುವ ಛಿದ್ರ, ವಿಚ್ಛೇದ ಎಂಬ ಶಬ್ದಗಳಿಗೂ ಆ ಮಗು ಬೆರಳು ಮಾಡಿ ತೋರಿಸಿದ ಹಲಗೆಗಳಿಗೂ ಹೀಗೆ ದೂರದ ನಂಟುಂಟು. ಆ ಜನಕ್ಕೆ ಇದು ಶ್ರೀಮಂತರ ಆಟವಾಗಿ ಹುಟ್ಟಿದುದಲ್ಲ. ಉತ್ತರ ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ 1924ರಲ್ಲಿ ಜೌಗು ನೆಲದೊಳಗೆ ದೊರೆತ ಸ್ಕೀಗಳು ಸುಮಾರು 5,200 ವರ್ಷ ಹಳೆಯವು. ಮೊಣಕಾಲುದ್ದ ಹಿಮದಲ್ಲಿ ಹೂತುಹೋಗದೆ ಬೇಟೆಗೆ ಹೋಗಲು, ನೆರೆಯೂರಿಗೆ ನಡೆಯಲು ಕಂಡುಕೊಂಡ ಉಪಾಯವದು. ಮೈಯ ಭಾರವನ್ನು ಉದ್ದವಾದ ಹಲಗೆ ಹಂಚಿಕೊಳ್ಳುವುದರಿಂದ ಕಾಲು ಹಿಮದಲ್ಲಿ ಇಳಿಯುವುದಿಲ್ಲ. ಮಳೆ ಬಿದ್ದ ಎರೆಹೊಲದಲ್ಲಿ ಕಾಲಿಗೆ ಎರಡೆರಡು ಸೇರು ಮಣ್ಣು ಮೆತ್ತಿಸಿಕೊಂಡು ನಡೆದವರಿಗೆ ಆ ಅವಶ್ಯಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸ್ಕೀಗಳಲ್ಲಿ ಎರಡು ಬಗೆ ಮುಖ್ಯವೆಂಬುದನ್ನು ಮೊದಲು ತಿಳಿಯಬೇಕು. ಒಂದು, ಬಯಲಿನಲ್ಲಿಯೂ ಕಾಡಿನ ಏರುತಗ್ಗುಗಳಲ್ಲಿಯೂ ನಡೆಯುವಂಥದು. ಇದರಲ್ಲಿ ಬೂಟಿನ ಮುಂತುದಿ ಮಾತ್ರ ಹಲಗೆಗೆ ಕಚ್ಚಿಕೊಂಡಿರುತ್ತದೆ; ಹಿಮ್ಮಡಿಯನ್ನು ಎತ್ತಬಹುದು. ಇನ್ನೊಂದು, ಗುಡ್ಡದ ಇಳಿಜಾರಿನಲ್ಲಿ ಜಾರುವಂಥದು. ಇದರಲ್ಲಿ ಗಡುಸಾದ ಬೂಟಿನ ಮುಂತುದಿ, ಹಿಮ್ಮಡಿ ಎರಡೂ ಬಂಧನಕ್ಕೊಳಗಾಗಿರುತ್ತವೆ. ನಮ್ಮ ಕಪ್ಪತಗುಡ್ಡವು ಹಿಮದಿಂದ ಮುಚ್ಚಿದೆಯೆಂದು ಭಾವಿಸಿಕೊಳ್ಳಿರಿ: ಅದರ ತಪ್ಪಲಿನ ದಾರಿಯಲ್ಲಿ ನಡೆಯಲು ಮೊದಲನೆಯದು, ನೆತ್ತಿಯಿಂದ ಇಳಿಯಲು ಎರಡನೆಯದು. ನಾರ್ವೆಯಲ್ಲಿ ಬಹುಮಟ್ಟಿಗೆ ಮಕ್ಕಳು ಎರಡು ಮೂರು ವರ್ಷದ ಹೊತ್ತಿಗೆ ಮೊದಲನೆಯದನ್ನು ಮನೆಯಂಗಳದಲ್ಲಿಯೇ ಕಾಲಿಗೆ ಕಟ್ಟಿಕೊಳ್ಳುತ್ತವೆ. ಇಳಿಜಾರಿನ ಪಾಠ ಹೇಳುವ ಶಾಲೆಗಳು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ತುಂಬಿದ ಮೇಲೆಯೇ ಮಕ್ಕಳನ್ನು ಸೇರಿಸಿಕೊಳ್ಳುತ್ತವೆ. ಆದರೆ ವಯಸ್ಸಿಗಿಂತ ಮುಖ್ಯವಾದುದು, ಮಗು ಎಡವದೆ ಓಡಬಲ್ಲುದೆ, ಬಿದ್ದರೆ ತಾನೇ ಏಳಬಲ್ಲುದೆ, ಎಲ್ಲಕ್ಕಿಂತ ಹೆಚ್ಚಾಗಿ ಅದಕ್ಕೆ ಮನಸ್ಸಿದೆಯೆ ಎಂಬುದು.

ನಮ್ಮ ಹುಡುಗನಿಗೆ ಮನಸ್ಸಿತ್ತು. ಅವನಿಗಿಂತ ಹೆಚ್ಚು ಮನಸ್ಸು ಅವನ ಅಜ್ಜನಿಗಿತ್ತು. ತೊಂಬತ್ತು ದಿನಗಳಲ್ಲಿ ಮೂವತ್ತು ಆಗಲೇ ಕಳೆದಿದ್ದವು. ಮೊಮ್ಮಗ ಹಿಮದ ಮೇಲೆ ಜಾರುವುದನ್ನು ಕಣ್ಣಾರೆ ಕಂಡು, ಊರಿಗೆ ಹೋಗಿ ಹತ್ತು ಜನರಿಗೆ ಹೇಳಬೇಕೆಂಬ ಆಸೆ ನನ್ನದು. ಮಕ್ಕಳ ಹಳೆಯ ಆಟದ ಸಾಮಾನುಗಳನ್ನು ಮಾರುವ ಒಂದು ಸಂತೆಗೆ ಮಗಳೊಡನೆ ಹೋದೆ. ಅಲ್ಲಿ ಅಗ್ಗದ ಬೆಲೆಗೆ ಅಂದವಾದ ಒಂದು ಜೋಡಿ ಕಂಡಿತು. ಉದ್ದ 110 ಸೆಂಟಿಮೀಟರ್. ಜೊತೆಗೆ ಬೂಟು. ಮೊಮ್ಮಗನ ಎತ್ತರ 92 ಸೆಂಟಿಮೀಟರ್. ಪಾದದ ಉದ್ದ 15. ಆ ಬೂಟಿನೊಳಗಿನ ಉದ್ದ 18. ಮಗಳು ಅನುಮಾನಿಸಿದಳು. ನಾನು ಬಿಡಲಿಲ್ಲ. "ಬೆಳೆಯೋ ಕೂಸು, ತಂಗೀ. ಇನ್ನೂ ಎರಡು ವರ್ಷ ಬರತಾವ. ಮುಂದ ಅರಳೆ ತುಂಬಿದರಾತು" ಎಂದೆ. ದೀಪಾವಳಿಗೆ ಹೊಲಿಸಿದ ಅಂಗಿಯ ತೋಳನ್ನು ಎರಡು ಸಲ ಮಡಿಚಿ ತೊಟ್ಟು, ಅದು ಮೈಗೆ ಸರಿಯಾಗುವ ಹೊತ್ತಿಗೆ ಅದರ ಬಣ್ಣ ಹೋಗಿರುತ್ತಿದ್ದ ಕಾಲದಲ್ಲಿ ಬೆಳೆದವನು ನಾನು. ತಂದೆಯ ಮಾತೆಂದು ಮಗಳು ಸುಮ್ಮನಾದಳು.

ಮರುದಿನ ಅಂಗಳದಲ್ಲಿ ಹುಡುಗನನ್ನು ಆ ಹಲಗೆಗಳ ಮೇಲೆ ನಿಲ್ಲಿಸಿದೆವು. ಅವನು ಬಲಗಾಲು ತಿರುಗಿಸಬೇಕೆಂದರೆ ಬೂಟಿನೊಳಗೆ ಪಾದ ಮಾತ್ರ ತಿರುಗಿತು, ಹಲಗೆ ತಿರುಗಲಿಲ್ಲ. ಎಡಗಾಲು ಎತ್ತಿಟ್ಟರೆ ಒಂದರ ಮೇಲೆ ಒಂದು ಹಲಗೆ ಕತ್ತರಿಯಂತೆ ಕೂತಿತು. ಬಿದ್ದ. ಎಬ್ಬಿಸಿದೆ. ಮತ್ತೆ ಬಿದ್ದ. ನಾನು ಮತ್ತೆ ಎಬ್ಬಿಸಿದೆ. ನಾಲ್ಕನೆಯ ಸಲ ಬಿದ್ದಾಗ ಏಳಲಿಲ್ಲ. ಹಿಮದಲ್ಲಿ ಮೊಗವಿಟ್ಟು ಬಿಕ್ಕತೊಡಗಿದ. ಕಾಲಿಗೆ ಪೆಟ್ಟೇನೂ ಆಗಿರಲಿಲ್ಲ. ಆದರೆ ಆ ಮೇಲೆ ಎರಡು ವಾರ ಅವನು ಆ ಹಲಗೆಗಳ ಹತ್ತಿರ ಸುಳಿಯಲಿಲ್ಲ. ಅವನ್ನು ತೋರಿಸಿದರೆ "ಶೀ" ಎನ್ನುತ್ತಿದ್ದ. ಈಗ ಅದು ನಾರ್ವೆಯ ಶಬ್ದವಾಗಿರಲಿಲ್ಲ; ನಮ್ಮ ಕನ್ನಡದ್ದೇ ಆಗಿತ್ತು.

ಆ ರಾತ್ರಿ ನಿದ್ರೆ ಬರಲಿಲ್ಲ. ಬಾಲ್ಯದ ಒಂದು ದೃಶ್ಯ ನೆನಪಾಯಿತು. ನನ್ನ ತಮ್ಮ ಗೋಡೆ ಹಿಡಿದು ನಿಲ್ಲಲು ತೊಡಗಿದಾಗ, ಮೂರು ಗಾಲಿಯ ಕಟ್ಟಿಗೆಯ ಬಂಡಿ ಮಾಡಿಕೊಡಲು ತಂದೆಯವರು ಊರ ಬಡಿಗೇರನನ್ನು ಕರೆಸಿದ್ದರು. ಹಿಡಿಕೆಯನ್ನು ಹಿಡಿದು ನೂಕುತ್ತ ಕೂಸು ಹೆಜ್ಜೆ ಕಲಿಯುವ ಬಂಡಿ ಅದು. ಬಡಿಗೇರ ಒಂದು ದಾರದಿಂದ ತಮ್ಮನ ಕಾಲಿನಿಂದ ಎದೆಯವರೆಗೆ ಅಳತೆ ತೆಗೆದುಕೊಂಡ. "ಒಂದು ಗೇಣು ಎತ್ತರ ಮಾಡೋ, ಮುಂದಿನ ವರ್ಷಕ್ಕೂ ಆದೀತು" ಎಂದರು ತಂದೆಯವರು. ಅವನು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಮುಂದಿನ ವರ್ಷದ ಕೂಸಿಗೆ ಮುಂದಿನ ವರ್ಷ ಮಾಡಿಕೊಡತೀನ್ರೀ ಧಣೀ. ಇದು ಈಗ ನಿಂತ ಕೂಸಿಗೆ" ಎಂದ. ಆ ಮಾತು ಅರವತ್ತು ವರ್ಷದ ಬಳಿಕ ಓಸ್ಲೋದಲ್ಲಿ ನನಗೆ ಅರ್ಥವಾಯಿತು.

ಬಡಿಗೇರನ ದಾರವನ್ನು ಕೈಯಲ್ಲಿ ಹಿಡಿದುಕೊಂಡೇ ಈಗ ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಉದ್ದ. ಬಯಲಿನ ಸ್ಕೀ ಆದರೆ, ಮೊದಲ ಜೋಡಿ ಮಗುವಿನ ಎತ್ತರಕ್ಕೆ ಸಮನಾಗಿರಬೇಕು, ಅಥವಾ ತುಸು ಕಡಿಮೆ ಇರಬೇಕು. ಇಳಿಜಾರಿನ ಸ್ಕೀ ಆದರೆ, ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಮಗುವಿನ ಎದೆಗೂ ಗದ್ದಕ್ಕೂ ನಡುವೆ ಬರಬೇಕು. 92 ಸೆಂಟಿಮೀಟರ್ ಎತ್ತರದ ಮಗುವಿಗೆ 65ರಿಂದ 75 ಸೆಂಟಿಮೀಟರ್. ಮಗು ಹಗುರವಾಗಿದ್ದರೆ, ಅಂಜುಬುರುಕವಾಗಿದ್ದರೆ ಇನ್ನೂ ಚಿಕ್ಕದೇ ಲೇಸು. ಕಾರಣ ಸರಳ. ಉದ್ದನೆಯ ಕೋಲನ್ನು ನಡುವೆ ಹಿಡಿದು ತಿರುಗಿಸಿ ನೋಡಿರಿ. ತುದಿ ದೂರವಾದಷ್ಟೂ ತಿರುಗಿಸಲು ಬಲ ಹೆಚ್ಚು ಬೇಕು. ಎರಡೂವರೆ ವರ್ಷದ ಕೂಸಿನ ತಲೆಯೇ ಅದರ ಎತ್ತರದ ಐದನೆಯ ಒಂದು ಪಾಲು. ಮೇಲೆ ಭಾರ, ಕೆಳಗೆ ಎಳೆಯ ಕಾಲು. ಅಂಥ ಕಾಲಿಗೆ ತನ್ನೆತ್ತರವನ್ನು ಮೀರಿದ ಹಲಗೆ ಕಟ್ಟುವುದೆಂದರೆ ಎಳೆಗರುವಿಗೆ ನೊಗ ಹೂಡಿದಂತೆ.

ಎರಡನೆಯದು ಬೂಟು. ನಾನು ಹಲಗೆಯ ಬಣ್ಣ ನೋಡಿದೆ, ನೋಡಬೇಕಾದುದು ಬೂಟನ್ನು. ಕಾಲಿನ ಇಚ್ಛೆಯನ್ನು ಹಲಗೆಗೆ ಮುಟ್ಟಿಸುವ ದೂತ ಬೂಟು. ಅದು ಸಡಿಲವಾಗಿದ್ದರೆ ಸಂದೇಶ ನಡುದಾರಿಯಲ್ಲಿಯೇ ಉಳಿಯುತ್ತದೆ. ಮಗುವನ್ನು ಕಾಗದದ ಮೇಲೆ ನಿಲ್ಲಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಗೆರೆ ಎಳೆದು ಅಳೆಯಬೇಕು. ಇಳಿಜಾರಿನ ಬೂಟುಗಳ ಸಂಖ್ಯೆಯೇ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಆದುದರಿಂದ ಗೊಂದಲಕ್ಕೆ ಎಡೆಯಿಲ್ಲ. ಬೆರಳುಗಳ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಸಾಕು. ಅರಳೆ ತುಂಬುವುದೂ ಎರಡು ಮೂರು ಕಾಲುಚೀಲ ಹಾಕುವುದೂ ತಪ್ಪು: ಕಾಲುಚೀಲಗಳು ಒತ್ತಿ ಹಿಡಿದರೆ ರಕ್ತದ ಓಡಾಟ ಕುಂದಿ, ಕಾಲು ಬೆಚ್ಚಗಾಗುವ ಬದಲು ತಣ್ಣಗಾಗುತ್ತದೆ. ತೆಳುವಾದ ಉಣ್ಣೆಯ ಒಂದೇ ಕಾಲುಚೀಲ ಸಾಕು. ಬೂಟು ಮೆತ್ತಗೆ ಬಾಗುವಂತಿರಬೇಕು. ಮಗು ಅದನ್ನು ತೊಟ್ಟು ಮೊಣಕಾಲು ಮಡಿಸಿ ಕುಕ್ಕರಿಸಲು ಬರಬೇಕು.

ಮೂರನೆಯದು ಬೂಟನ್ನು ಹಲಗೆಗೆ ಹಿಡಿಸುವ ಕಟ್ಟು. ಹತ್ತೊಂಬತ್ತನೆಯ ಶತಮಾನದಲ್ಲಿ ನಾರ್ವೆಯ ಮೋರ್ಗೆದಾಲ್ ಎಂಬ ಹಳ್ಳಿಯ ಸೋಂದ್ರೆ ನೋರ್‌ಹೈಮ್ ಎಂಬ ಬಡವನು, ಹೊಸೆದ ಎಳೆಯ ಕೊಂಬೆಗಳನ್ನು ಹಿಮ್ಮಡಿಯ ಸುತ್ತ ಬಿಗಿದು ಕಾಲು ಕಳಚದಂತೆ ಮಾಡಿದ. ಅಲ್ಲಿಂದ ಈ ಕಲೆಯ ಸ್ವರೂಪವೇ ಬದಲಾಯಿತು. ಇಂದು ಇಳಿಜಾರಿನ ಸ್ಕೀಗಳಲ್ಲಿರುವ ಕಟ್ಟಿಗೆ ಇನ್ನೊಂದು ಗುಣವುಂಟು: ಬಿದ್ದಾಗ ಅದು ತಾನೇ ಕಳಚಿಕೊಳ್ಳಬೇಕು, ಇಲ್ಲವಾದರೆ ಕಾಲು ತಿರುಚಿಕೊಳ್ಳುತ್ತದೆ. ಎಷ್ಟು ಬಲಕ್ಕೆ ಕಳಚಬೇಕೆಂಬುದನ್ನು ಮಗುವಿನ ತೂಕ, ಎತ್ತರ, ಬೂಟಿನ ತಳದ ಉದ್ದ ಇವನ್ನು ನೋಡಿ ತಿಳಿದವರೇ ಹೊಂದಿಸಬೇಕು. ಇದು ಅಜ್ಜನ ತಿರುಪುಳಿಗೆ ಬಿಡುವ ಕೆಲಸವಲ್ಲ. ಅಂಗಳದ ಪುಟ್ಟ ಸ್ಕೀಗಳಿಗೆ ಈ ತೊಡಕಿಲ್ಲ. ಮಗುವಿನ ನಿತ್ಯದ ಚಳಿಗಾಲದ ಬೂಟನ್ನೇ ಪಟ್ಟಿಗಳಿಂದ ಬಿಗಿಯುವ ಅಗಲವಾದ ಪ್ಲಾಸ್ಟಿಕ್ ಹಲಗೆಗಳು ದೊರೆಯುತ್ತವೆ. ಅಂಗಳದಲ್ಲಿ ಹೆಜ್ಜೆ ಇಡುವ ಕೂಸಿಗೆ ಮೊದಲ ಚಳಿಗಾಲದಲ್ಲಿ ಅಷ್ಟು ಸಾಲದೆ?

ನಾಲ್ಕನೆಯದು ಹಲಗೆಯ ತಳ. ಬಯಲಿನ ಸ್ಕೀಗೆ ಬಲ್ಲವರು ಹಿಮದ ಸ್ಥಿತಿಗೆ ತಕ್ಕಂತೆ ಮೇಣ ಬಳಿಯುತ್ತಾರೆ. ಮಕ್ಕಳಿಗೆ ಅದು ಬೇಡ. ತಳದ ನಡುಭಾಗದಲ್ಲಿ ಮೀನಿನ ಪೊರೆಯಂಥ ಗೀರುಗಳಿರುವ ಹಲಗೆಗಳುಂಟು. ಅವು ಮುಂದಕ್ಕೆ ಜಾರುತ್ತವೆ, ಹಿಂದಕ್ಕೆ ಸರಿಯದೆ ಹಿಮವನ್ನು ಕಚ್ಚುತ್ತವೆ. ಮೊದಲ ಪಾಠಕ್ಕೆ ಹೆಚ್ಚು ಜಾರದ ಹಲಗೆಯೇ ಒಳ್ಳೆಯದೆಂಬುದು ವಿಚಿತ್ರವಾಗಿ ಕಂಡರೂ ನಿಜ. ಮಗು ಮೊದಲು ಕಲಿಯುವುದು ಜಾರುವುದನ್ನಲ್ಲ, ನಿಲ್ಲುವುದನ್ನು.

ಐದನೆಯದು, ಕೈಗೋಲು. ದೊಡ್ಡವರ ಕೈಯಲ್ಲಿ ಎರಡು ಕೋಲುಗಳನ್ನು ಕಂಡು ನಾವು ಮಗುವಿಗೂ ಕೊಡುತ್ತೇವೆ. ಮೊದಲ ಚಳಿಗಾಲದಲ್ಲಿ ಅವು ಬೇಡ. ಕೋಲಿದ್ದರೆ ಮಗು ಕೋಲನ್ನು ನೆಚ್ಚುತ್ತದೆ, ಕಾಲನ್ನು ನೆಚ್ಚುವುದಿಲ್ಲ. ಬಿದ್ದಾಗ ಅದರ ಮೊನೆ ಕಣ್ಣಿಗೆ ತಾಗುವ ಭಯವೂ ಉಂಟು. ಇಳಿಜಾರಿಗೆ ಹೋದರೆ ತಲೆಗೆ ಅಳತೆಗೆ ಸರಿಯಾದ ಶಿರಸ್ತ್ರಾಣ ಇರಲೇಬೇಕು. ಇದರಲ್ಲಿ ಮಾತ್ರ ಹಳೆಯದನ್ನು, ಪೆಟ್ಟು ತಿಂದುದನ್ನು ಕೊಳ್ಳಲಾಗದು. ಎರಡು ಹಲಗೆಗಳ ಮುಂತುದಿಗಳು ಅಗಲಿ ಹೋಗದಂತೆ ಹಿಡಿದಿಡುವ ರಬ್ಬರಿನ ಕೊಂಡಿಗಳೂ, ಮಗುವಿನ ಬೆನ್ನಿಗೆ ಕಟ್ಟುವ ಲಗಾಮಿನಂಥ ಪಟ್ಟಿಗಳೂ ಮಾರಾಟಕ್ಕಿವೆ. ವೇಗವನ್ನು ತಡೆಯುವ ಮಟ್ಟಿಗೆ ಅವನ್ನು ಬಳಸಬಹುದು. ಆದರೆ ಮಗುವನ್ನು ಸದಾ ತೂಗುಹಾಕಿಕೊಂಡೇ ಹೋದರೆ ಅದು ಕಲಿಯುವುದು ತೂಗಾಡುವುದನ್ನು ಮಾತ್ರ.

ಇನ್ನು ಹಣದ ಮಾತು. ವರ್ಷಕ್ಕೊಂದು ಜೋಡಿ ಎಂದರೆ ಗೃಹಸ್ಥರಿಗೆ ಭಾರವಲ್ಲವೆ ಎಂದು ತಾವು ಕೇಳಬಹುದು. ನನ್ನ ತಪ್ಪಿನ ಬೇರೂ ಅಲ್ಲಿಯೇ ಇತ್ತು. ಇದಕ್ಕೆ ಆ ದೇಶದವರು ಕಂಡುಕೊಂಡ ಪರಿಹಾರ ನಮ್ಮ ಸೀಮೆಗೆ ಹೊಸದಲ್ಲ. ಅಲ್ಲಿ ಅನೇಕ ಊರುಗಳಲ್ಲಿ 'ಬುವಾ' ಎಂಬ ಹೆಸರಿನ ಭಂಡಾರಗಳಿವೆ. ಗ್ರಂಥಾಲಯದಿಂದ ಪುಸ್ತಕ ತರುವಂತೆ ಸ್ಕೀ, ಬೂಟುಗಳನ್ನು ಬಾಡಿಗೆಯಿಲ್ಲದೆ ಕೆಲವು ದಿನಗಳ ಮಟ್ಟಿಗೆ ತರಬಹುದು. ಒಬ್ಬರ ಮಗುವಿಗೆ ಗಿಡ್ಡವಾದುದು ಇನ್ನೊಬ್ಬರ ಮಗುವಿಗೆ ಸರಿಹೋಗುತ್ತದೆ. ಇದನ್ನು ಕೇಳಿ ನಾನು ನಾಚಿದೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕಣಗಿನಹಾಳ ನಮ್ಮ ಗದಗ ತಾಲ್ಲೂಕಿನ ಊರು, ಹುಲಕೋಟಿಯಂತೂ ಕೆ. ಎಚ್. ಪಾಟೀಲರ ಕಾಲದಿಂದ ಸಹಕಾರಕ್ಕೆ ಹೆಸರಾದುದು. ಒಬ್ಬನಿಗೆ ಭಾರವಾದುದನ್ನು ಹತ್ತು ಜನ ಹಂಚಿಕೊಳ್ಳುವ ಪಾಠವನ್ನು ಅಲ್ಲಿಂದ ಹೋದ ನಾನು ಪರದೇಶದಲ್ಲಿ ಕಲಿಯಬೇಕಾಯಿತು. ಎರವಲು ತಂದರೆ ಇನ್ನೊಂದು ಲಾಭವುಂಟು: ಮಗುವಿಗೆ ಇಷ್ಟವಾಗದಿದ್ದರೆ ಹಿಂದಿರುಗಿಸಬಹುದು. ದುಡ್ಡು ಕೊಟ್ಟು ಕೊಂಡವನು ಆಟವನ್ನೂ ವಸೂಲಿಯ ಕಣ್ಣಿನಿಂದಲೇ ನೋಡುತ್ತಾನೆ.

ಮಗಳು ಭಂಡಾರದಿಂದ 80 ಸೆಂಟಿಮೀಟರಿನ ಪಟ್ಟಿಯ ಹಲಗೆಗಳನ್ನು ತಂದಳು. ಹುಡುಗನಿಗೆ ಏನೂ ಹೇಳದೆ ನಡುಮನೆಯ ಜಮಖಾನೆಯ ಮೇಲೆ ಇಟ್ಟಳು. ಎರಡು ದಿನ ಅವು ಹಾಗೆಯೇ ಬಿದ್ದಿದ್ದವು. ಮೂರನೆಯ ದಿನ ಅವನೇ ಬಂದು ಒಂದರ ಮೇಲೆ ಕುಳಿತು ದೋಣಿ ಮಾಡಿಕೊಂಡ. ನಾಲ್ಕನೆಯ ದಿನ ಬೂಟು ತಂದು ನನ್ನ ಮುಂದೆ ಹಿಡಿದ. ಜಮಖಾನೆಯ ಮೇಲೆ ನಾಲ್ಕು ಹೆಜ್ಜೆ ನಡೆದ. ನಾನು ಕೈಕಟ್ಟಿ ಕುಳಿತಿದ್ದೆ; ಹಾಗೆ ಕುಳಿತಿರುವುದು ಮೇಷ್ಟರಿಗೆ ಎಷ್ಟು ಕಷ್ಟವೆಂಬುದನ್ನು ಮೇಷ್ಟರೇ ಬಲ್ಲರು.

ಕಾಲೇಜಿನ ಕಟ್ಟೆ ಏರಿದ ಮೊದಲ ವಾರದಲ್ಲಿಯೇ ಹಳ್ಳಿಯ ಹುಡುಗರ ಕಾಲಿಗೆ ನಾನು ಹಳಗನ್ನಡದ ಉದ್ದನೆಯ ಹಲಗೆ ಕಟ್ಟಿದ ದಿನಗಳು ನೆನಪಾದವು. 'ಮುಂದೆ ಉಪಯೋಗಕ್ಕೆ ಬರುತ್ತದೆ' ಎಂಬುದೇ ಆಗಲೂ ನನ್ನ ವಾದ. ಬಿದ್ದವರನ್ನು ದಡ್ಡರೆಂದೆ. ಅವರಲ್ಲಿ ಎಷ್ಟು ಜನ ಆ ಮೇಲೆ ಕಾವ್ಯವನ್ನು ಕಂಡು 'ಶೀ' ಎಂದು ದೂರ ಸರಿದರೋ, ಲೆಕ್ಕ ನನ್ನಲ್ಲಿಲ್ಲ.

ಅವಸರವೇಕೆ? ಹಿಮ ಬೀಳದ ಕೊಡಗಿನ ಹೆಣ್ಣುಮಗಳು ತೆಕ್ಕಡ ಭವಾನಿ ಬೆಳೆದ ಮೇಲೆ ಈ ವಿದ್ಯೆಯನ್ನು ಕಲಿತು, ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಪದಕಗಳನ್ನು ತಂದಿದ್ದಾರೆ. ಎರಡೂವರೆ ವರ್ಷಕ್ಕೆ ಕಲಿಯದಿದ್ದರೆ ಏನೂ ಕೆಡುವುದಿಲ್ಲ. ಎರಡೂವರೆ ವರ್ಷಕ್ಕೆ ಹೆದರಿಸಿದರೆ ಮಾತ್ರ ಕೆಡುತ್ತದೆ. ಆದುದರಿಂದ ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಮಗು ದಣಿಯುವ ಮೊದಲೇ, 'ಇನ್ನೂ ಬೇಕು' ಎನ್ನುತ್ತಿರುವಾಗಲೇ ಹಲಗೆ ಬಿಚ್ಚಬೇಕು.

ನಾವು ಊರಿಗೆ ಹೊರಡುವ ಮುನ್ನಾದಿನ ಹೊಸ ಹಿಮ ಬಿದ್ದಿತ್ತು. ಹುಡುಗ ಬಾಗಿಲಿನಿಂದ ಅಂಚೆಯ ಪೆಟ್ಟಿಗೆಯವರೆಗೆ, ಇಪ್ಪತ್ತು ಮಾರು ದೂರ, ಯಾರ ಕೈಯನ್ನೂ ಹಿಡಿಯದೆ ಆ ಪುಟ್ಟ ಹಲಗೆಗಳ ಮೇಲೆ ನಡೆದ. ಜಾರಲಿಲ್ಲ, ಬಾತುಕೋಳಿಯಂತೆ ನಡೆದ, ಅಷ್ಟೆ. ಎರಡು ಸಲ ಬಿದ್ದು ಎರಡು ಸಲವೂ ತಾನೇ ಎದ್ದ. ಪೆಟ್ಟಿಗೆಯನ್ನು ಮುಟ್ಟಿ ನನ್ನ ಕಡೆ ತಿರುಗಿ, "ಅಜ್ಜಾ, ಶೀ!" ಎಂದ.

ಅದು ಯಾವ ಭಾಷೆಯ ಶಬ್ದವೆಂದು ಈ ಸಲ ಯಾರೂ ನನಗೆ ಹೇಳಬೇಕಾಗಲಿಲ್ಲ. ನಾನು ಕೊಂಡ 110 ಸೆಂಟಿಮೀಟರಿನ ಜೋಡಿಯನ್ನು ಮಗಳು ಆ ವೇಳೆಗೆ ನಾಲ್ಕು ವರ್ಷ ದಾಟಿದ ನೆರೆಮನೆಯ ಹುಡುಗನಿಗೆ ಕೊಟ್ಟಿದ್ದಳು. ಅವನಿಗೆ ಅದು ಸರಿಯಾಗಿತ್ತು.

(ಬಾನುಲಿ ಭಾಷಣ)